ಮ್ಯಾಂಡೊಲಿನ್ ಮತ್ತು ಮನೆಯಳಿಯ

ವೀಣೆಯ ವಿದ್ವಾಂಸರು ತಮ್ಮ ಅಳಿಯನನ್ನು ‘ಅದು’ ಎನ್ನುತ್ತಿದ್ದರು.

ಇದರಲ್ಲಿ ದ್ವೇಷವೇನೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ‘ಅವರು’ ಎನ್ನಲು ಅಳಿಯನ ವಯಸ್ಸು ಸಾಲದೆ ಬಂತು, ‘ಅವನು’ ಎನ್ನಲು ಸಂಕೋಚ ಅಡ್ಡ ಬಂತು. ಹೆಸರು ಹಿಡಿದೇ ಕರೆಯೋಣವೆಂದರೆ ರಾಗಗಳ ಹೆಸರು ಬಿಟ್ಟು ಬೇರೆ ಯಾವ ಹೆಸರೂ ವಿದ್ವಾಂಸರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಹೀಗಾಗಿ ವ್ಯಾಕರಣದಲ್ಲಿ ಉಳಿದಿದ್ದ ಒಂದೇ ಒಂದು ಬಾಗಿಲು ತೆರೆದು ಅಳಿಯನನ್ನು ಒಳಗೆ ಬಿಟ್ಟುಕೊಂಡರು. “ಅದು ಎದ್ದಿದೆಯಾ?” “ಅದು ಅಂಗಡಿಗೆ ಹೋಯ್ತಾ?” “ಅದಕ್ಕೆ ಇನ್ನೊಂದು ಸೌಟು ಬಡಿಸಮ್ಮಾ, ಕೇಳೋಕೆ ನಾಚ್ಕೊಳ್ಳತ್ತೆ.” ಎಂಟು ವರ್ಷ ಹೀಗೇ ನಡೆಯಿತು. ಅಳಿಯನೂ ಒಗ್ಗಿಹೋಗಿದ್ದ. ಮಾವ ಕೋಣೆಯಿಂದ “ಅದೆಲ್ಲಿ?” ಎಂದರೆ ಸಾಕು, “ಇಲ್ಲೇ ಇದೆ ಮಾವಾ!” ಎಂದು ತಾನೇ ಓಗೊಡುತ್ತಿದ್ದ.

ಆ ಮನೆಯಲ್ಲಿ ಬೇರೆ ಯಾವುದಕ್ಕೂ ಆ ಪದ ಬಳಕೆಯಲ್ಲಿರಲಿಲ್ಲ ಎಂಬುದನ್ನೂ ಹೇಳಬೇಕು. ವಿದ್ವಾಂಸರ ಬಾಯಲ್ಲಿ ವೀಣೆ ‘ತಾಯಿ’, ತಂಬೂರಿ ‘ಅವಳು’, ಮೂಲೆಯ ಮೃದಂಗ ‘ಅವನು’. ಜೀವವಿಲ್ಲದ ಸಾಮಾನುಗಳೆಲ್ಲ ಹೀಗೆ ಗಂಡೋ ಹೆಣ್ಣೋ ಆಗಿ ಹಂಚಿಹೋದ ಮೇಲೆ, ‘ಅದು’ ಎಂಬ ಪದಕ್ಕೆ ಉಳಿದದ್ದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ, ಗಿಡ್ಡ ಕತ್ತಿನ, ಸ್ವಲ್ಪ ಹೊಟ್ಟೆ ಬಂದ ಈ ಬಡಪಾಯಿ ಒಬ್ಬನೇ.

ಬಡಪಾಯಿಗೆ ಸಂಗೀತದ ಗಂಧವಿರಲಿಲ್ಲ. ತಂತಿ ಇದ್ದದ್ದೆಲ್ಲ ಅವನಿಗೆ ವೀಣೆ, ಚಿಕ್ಕದಾಗಿದ್ದರೆ ಮರಿವೀಣೆ. ಅವನ ಹೆಂಡತಿ ಮದುವೆಯಾದ ವರ್ಷದಿಂದ ಹಿತ್ತಿಲ ಕೋಣೆಯಲ್ಲಿ ಕೂತು ನುಡಿಸುತ್ತಿದ್ದದ್ದು ಮ್ಯಾಂಡೊಲಿನ್. ಅಂದರೆ ಪರದೇಶದಲ್ಲಿ ಹುಟ್ಟಿ, ಕುಣಿತಕ್ಕೂ ಹಾಡಿಗೂ ಒದಗಿ, ಈಗ ನಮ್ಮ ರಾಗಗಳನ್ನು ಕಲಿಯುತ್ತಿದ್ದ ಪುಟ್ಟ ವಾದ್ಯ. ಅದನ್ನೂ ಅಳಿಯ ಮರಿವೀಣೆ ಎಂದೇ ತಿಳಿದಿದ್ದ. ಅವಳಪ್ಪ ಆ ವಾದ್ಯವನ್ನು ಶಾಸ್ತ್ರೀಯ ಸಂಗೀತದ ಹೊಸಿಲು ತುಳಿಯಲೂ ಬಿಡುವವರಲ್ಲ, ಈ ಸಲ ಅಪ್ಪನ ಸಂಗೀತ ಸಭೆಯಲ್ಲೇ ಅದನ್ನು ನುಡಿಸಬೇಕೆಂದು ಅವಳು ಹಟ ಹಿಡಿದಿದ್ದಾಳೆ, ಈ ವಿಷಯಕ್ಕೆ ಅಪ್ಪ ಮಗಳ ನಡುವೆ ಸರಿಯಾಗಿ ಮಾತಿಲ್ಲ, ಇವೊಂದೂ ಅವನ ಕಿವಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆ ದಿನ ಅಂಗಡಿಯಲ್ಲಿ ಕರೆಂಟು ಹೋಯಿತು. ಅಕ್ಷರದ ಬೋರ್ಡಿನ ಹಿಂದೆ ದೀಪ ಉರಿಯದಿದ್ದರೆ ಕಣ್ಣಿನ ಪರೀಕ್ಷೆ ನಡೆಯದು, ಆದ್ದರಿಂದ ಯಜಮಾನರು ಅವನನ್ನು ಬೇಗನೆ ಬಿಟ್ಟರು. ಮನೆಗೆ ಬಂದವನು ಜಗಲಿಯ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದ. ಪಕ್ಕದ ಕಿಟಕಿ ತೆರೆದಿತ್ತು.

“ಅದಕ್ಕೆ ನಮ್ಮಲ್ಲಿ ಸ್ಥಾನ ಇಲ್ಲಮ್ಮಾ,” ಎನ್ನುತ್ತಿದ್ದರು ಮಾವ. “ಎಷ್ಟು ಸಲ ಹೇಳ್ಲಿ? ಹೊರಗಿಂದ ಬಂದದ್ದು ಅದು. ಆಕಾರ ಆದ್ರೂ ನೋಡು. ಗಿಡ್ಡ ಕತ್ತು, ಗುಡಾಣದಂಥ ಹೊಟ್ಟೆ.”

ಅಳಿಯನ ಕೈ ಲೇಸಿನ ಮೇಲೇ ನಿಂತಿತು.

“ಗಾಂಭೀರ್ಯ ಇಲ್ಲ. ಗಮಕ ಇಲ್ಲ. ಬಾಯಿ ಬಿಟ್ರೆ ಕಿಣಿಕಿಣಿ ಅನ್ನತ್ತೆ, ಮರುಕ್ಷಣ ಉಸಿರೇ ಇಲ್ಲ. ನಾಲ್ಕು ಜನರ ಮುಂದೆ ಕೂರಿಸೋ ವಸ್ತುನಾ ಅದು?”

“ಎಂಟು ವರ್ಷ ಆಯ್ತಲ್ಲಪ್ಪಾ,” ಎಂದಳು ಹೆಂಡತಿ. ಅವಳು ಮೂಗೊರೆಸಿಕೊಂಡ ಸದ್ದು ಕೇಳಿಸಿತು. “ಈಗ ಬಿಟ್ಬಿಡು ಅಂದ್ರೆ?”

“ಎಂಟು ವರ್ಷ ಸುಮ್ನಿದ್ದೆ, ಅದೇ ನನ್ನ ತಪ್ಪು. ಭಾನುವಾರ ಸಮಿತಿ ಇಲ್ಲೇ ಕೂರತ್ತೆ. ಇಟ್ಕೊಳ್ಳೋದೋ ಹೊರಗೆ ಹಾಕೋದೋ, ಅವತ್ತೇ ತೀರ್ಮಾನ ಆಗ್ಲಿ. ಆಮೇಲೆ ಅದರ ಮಾತು ಈ ಮನೇಲಿ ಎತ್ತಕೂಡದು.”

ಅಳಿಯ ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ಗೇಟು ತೆಗೆದು ಪಕ್ಕದ ಮನೆಗೆ ಓಡಿದ.

ಪಕ್ಕದ ಮನೆಯಲ್ಲಿದ್ದವರು ವಕೀಲರ ಗುಮಾಸ್ತರು. ಜೀವನದಲ್ಲಿ ಒಂದೇ ಒಂದು ಕೇಸನ್ನು ತಾವೇ ನಿಂತು ವಾದಿಸಬೇಕೆಂಬ ಆಸೆ ಅವರಿಗೆ ಮೊದಲಿನಿಂದಲೂ ಇತ್ತು. ಹಾಲಿನವನು ನೀರು ಬೆರೆಸಿದರೂ ‘ಪ್ರತಿವಾದಿ’ ಎನ್ನುತ್ತಿದ್ದರು. ಅಳಿಯ ನಡುಗುತ್ತ ಎಲ್ಲವನ್ನೂ ಹೇಳಿ ಮುಗಿಸಿದಾಗ ಅವರ ಮುಖ ಅರಳಿತು.

“ಸಮಿತಿ ಕೂರತ್ತೆ ಅಂದ್ರಾ? ಆಹಾ!”

“ಆಹಾ ಅಂದ್ರೆ ಏನ್ ಸಾರ್?”

“ಬಹಳ ಗಂಭೀರ ಅಂತ ಅರ್ಥ. ಅಂದ ಮಾತು ಹಾಗ್ಹಾಗೇ ಹೇಳಿ. ‘ಅವನು’ ಅಂದ್ರೋ ‘ಅದು’ ಅಂದ್ರೋ?”

“‘ಅದು’ ಅಂತಲೇ. ನನ್ನನ್ನ ಯಾವತ್ತೂ ಹಾಗೇ ಅನ್ನೋದು.”

“ಹಾಗಿದ್ರೆ ಸಂಶಯವೇ ಇಲ್ಲ, ನಿಮ್ಮ ಮೇಲೇ. ನಿಮ್ಮ ಹೆಂಡ್ತಿ ಏನಂದ್ರು?”

“ಅತ್ತಳು.”

“ವಿರೋಧಿಸಲಿಲ್ಲ. ಅಂದ್ರೆ ಅರ್ಧ ಒಪ್ಪಿಗೆ.” ಗುಮಾಸ್ತರು ಕುರ್ಚಿ ಹತ್ತಿರಕ್ಕೆಳೆದುಕೊಂಡರು. “ಹೆದರ್ಬೇಡಿ. ಆರೋಪ ಏನೇನು? ಕತ್ತು, ಹೊಟ್ಟೆ, ಉಸಿರು, ಗಮಕ. ಭಾನುವಾರದೊಳಗೆ ಇವನ್ನೆಲ್ಲ ಸರಿ ಮಾಡ್ಕೊಂಡುಬಿಟ್ರೆ ಕೇಸೇ ನಿಲ್ಲಲ್ಲ.”

“ಗಮಕ ಅಂದ್ರೆ ಏನು ಸಾರ್?”

ಸ್ವರವನ್ನು ಬಳುಕಿಸಿ ನುಡಿಸುವುದೇ ಗಮಕವೆಂದು ಗುಮಾಸ್ತರಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ಅವರ ಕಸುಬಿನಲ್ಲಿ ಇಲ್ಲ. “ಗಮಕ ಅಂದ್ರೆ ಓಲಾಟ. ಸಂಗೀತದವರು ನೋಡಿ, ನೆಟ್ಟಗೆ ಕೂರ್ತಾರಾ? ತೂಗ್ತಾರೆ, ತೊನೀತಾರೆ. ನೀವು ಕಂಬದ ಹಾಗೆ ನಡೀತೀರಿ. ಅದಕ್ಕೇ ಮನೆತನಕ್ಕೆ ಹೊಂದಲಿಲ್ಲ.”

“ನೇರವಾಗಿ ಅವಳನ್ನೇ ಕೇಳಿಬಿಡ್ಲಾ ಸಾರ್?”

“ಕೇಳಿ ನೋಡಿ. ‘ಹೌದು, ಹೋಗಿ’ ಅಂದ್ಬಿಟ್ರೆ?”

ಅಳಿಯ ಯೋಚಿಸಿದ. ಮಾವ ಹೊರಗೆ ಹಾಕಿದರೆ ತಲೆಯ ಮೇಲಿನ ಸೂರು ಹೋಗುತ್ತದೆ, ಅಷ್ಟೇ. ಅವಳೇ ಹೌದೆಂದುಬಿಟ್ಟರೆ? ಬೆಳಿಗ್ಗೆ ಬಾಗಿಲವರೆಗೂ ಬಂದು, ಅವನ ಕನ್ನಡಕವನ್ನು ಅವನ ಮೂಗಿನಿಂದಲೇ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಸಿಕ್ಕಿಸಿ, “ನೂರು ಜನರ ಕಣ್ಣು ನೋಡ್ತೀರಿ, ನಿಮ್ಮ ಗಾಜು ಮಾತ್ರ ಮಸಿ” ಎನ್ನುವವಳು ಆಮೇಲೆ ಎಲ್ಲಿ ಸಿಕ್ಕಾಳು? ಅವಳಿಲ್ಲದ ಒಂದು ಬೆಳಿಗ್ಗೆಯನ್ನು ಅವನಿಗೆ ಊಹಿಸಲೂ ಆಗಲಿಲ್ಲ. ಕೇಳುವುದೇ ಬೇಡವೆಂದು ನಿರ್ಧರಿಸಿದ.

ಮರುದಿನದಿಂದ ಸುಧಾರಣೆ ಆರಂಭವಾಯಿತು. ಹೊಟ್ಟೆ ಕರಗಿಸಲು ಅರ್ಧ ಊಟಕ್ಕೇ ಎದ್ದ. ಕತ್ತು ಉದ್ದ ಮಾಡಲು ಗದ್ದವನ್ನು ಮೇಲಕ್ಕೆತ್ತಿ ನಡೆದ. ಅದರಿಂದ ಕತ್ತು ಉದ್ದವಾಗಲಿಲ್ಲ, ನೆಲ ಕಾಣಿಸದೆ ಎರಡು ಕಡೆ ಎಡವಿದ್ದಷ್ಟೇ ಲಾಭ. ಉಸಿರಿನ ಆರೋಪಕ್ಕೆ ಅಂಗಡಿಯಲ್ಲಿ ಉತ್ತರ ಕೊಡತೊಡಗಿದ. ಮಾತು ಬಾಯಿಂದ ಬಂದ ಮರುಕ್ಷಣ ಸಾಯುತ್ತದೆ ಎಂದರಲ್ಲವೇ, ಸಾಯದಂತೆ ಎಳೆಯಬೇಕು.

ಮೊದಲು ಸಿಕ್ಕಿದವಳು ಓದಲು ಕನ್ನಡಕ ಬೇಕೆಂದು ಬಂದಿದ್ದ ಟೀಚರಮ್ಮ. ಪರೀಕ್ಷೆಯ ಚೌಕಟ್ಟನ್ನು ಅವಳ ಮೂಗಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಿ, ಅಳಿಯ ಹಿಂದಿನಿಂದ ಬಗ್ಗಿ ಅವಳ ಕಿವಿಯ ಬಳಿ ತಗ್ಗಿದ ದನಿಯಲ್ಲಿ ಹೇಳಿದ:

“ಮೇಲಿನ ಸಾಲು ಓದೀಈಈಈಈ...”

ಟೀಚರಮ್ಮ ಚಿಟ್ಟನೆ ಚೀರಿದಳು. ಚೌಕಟ್ಟು ನೆಲಕ್ಕೆ ಬಿತ್ತು.

“ಯಾಕಮ್ಮಾಆಆಆ...” ಎಂದ ಅಳಿಯ, ಉಸಿರು ಮುಗಿಯುವ ತನಕ.

ಚೀಲ ಎತ್ತಿಕೊಂಡು ಅವಳು ಬೀದಿಗೆ ಓಡಿದಳು. ಯಜಮಾನರು ಒಳಗಿನಿಂದ ಬಂದು, ಗದ್ದ ಮೇಲೆತ್ತಿ ನಿಂತಿದ್ದ ತಮ್ಮ ನಂಬಿಕೆಯ ಕೆಲಸಗಾರನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಏನಾಯ್ತಪ್ಪಾ ನಿಂಗೆ?”

“ಏನಿಲ್ಲಾಆಆ ಯಜಮಾನ್ರೇಏಏ...”

“ಅಯ್ಯೋ ದೇವ್ರೇ,” ಎಂದು ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದರು. “ಎರಡು ದಿನ ಮನೇಲಿರು. ಯಾರಿಗಾದ್ರೂ ತೋರಿಸ್ಕೋ. ಹತ್ತಿರ ಮಾತ್ರ ಬರಬೇಡ, ಅಲ್ಲಿಂದಲೇ ಹೋಗು.”

ಮನೆಯ ಭಯದ ಜೊತೆಗೆ ಈಗ ಕೆಲಸದ ಭಯವೂ ಸೇರಿತು. ಉಳಿದದ್ದು ಗಮಕ ಒಂದೇ. ಬೀದಿಯ ತುದಿಯಿಂದ ಮನೆಯ ಗೇಟಿನವರೆಗೆ ಗಮಕಯುಕ್ತವಾಗಿ ನಡೆಯುವುದೆಂದು ನಿಶ್ಚಯಿಸಿ, ಎಡಕ್ಕೆ ತೂಗಿ, ಬಲಕ್ಕೆ ತೊನೆದು, ಗದ್ದ ಮೇಲೆತ್ತಿಕೊಂಡೇ ಹೊರಟ. ಮಹಡಿ ಮನೆಯ ಅಜ್ಜಿ ಒಣಗಲು ಹಾಕಿದ ಬಟ್ಟೆಯ ಸಂದಿಯಿಂದ ನೋಡಿ ಎದೆ ಹಿಡಿದುಕೊಂಡರು.

“ಹಗಲು ಹೊತ್ತಲ್ಲೇ ಶುರು ಹಚ್ಕೊಂಡ್ಯಾ ಅಳಿಯಪ್ಪಾ? ಎಷ್ಟು ಒಳ್ಳೇ ಹುಡುಗ ಆಗಿದ್ದೆ!”

“ಇದು ಗಮಕ ಅಜ್ಜೀಈಈ...”

“ಯಾವ ಬ್ರಾಂಡೋ ಏನೋ, ನಾಲಿಗೆ ಬೇರೆ ತೊದಲ್ತಿದೆ,” ಎಂದು ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಮಕ ಎಂಬ ಹೊಸ ಸಾರಾಯಿ ಬಂದಿದೆಯೆಂದು ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು.

ಜಗಲಿಯ ಮೇಲೆ ಕೂತಿದ್ದ ಮಾವನೂ ಈ ನಡಿಗೆಯನ್ನು ಕಂಡರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅವನು ಎದುರಿಗೆ ಹಾದುಹೋಗುವವರೆಗೂ ನೋಡುತ್ತಲೇ ಇದ್ದರು. ಆ ನೋಟಕ್ಕೆ ಅಳಿಯನ ಜಂಘಾಬಲವೇ ಉಡುಗಿಹೋಯಿತು. ಈಗ ಅವನ ಓಲಾಟಕ್ಕೆ ಅಭ್ಯಾಸದ ಅಗತ್ಯವೇ ಉಳಿಯಲಿಲ್ಲ.

ಇಷ್ಟೂ ಸಾಲದೆಂಬಂತೆ ಶನಿವಾರ ಬೆಳಿಗ್ಗೆ ಹೆಂಡತಿ ಫೋನಿನಲ್ಲಿ ಮಾತಾಡುತ್ತಿದ್ದದ್ದು ಕೇಳಿಸಿತು. ಆ ಕಡೆ ಇದ್ದವನು ವಾದ್ಯ ರಿಪೇರಿಯವನು. ಅದು ನಮಗೆ ಗೊತ್ತು, ಬಚ್ಚಲು ಮನೆಯಲ್ಲಿ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡು ನಿಂತಿದ್ದವನಿಗೆ ಗೊತ್ತಿರಲಿಲ್ಲ.

“ಹೌದಪ್ಪಾ, ಕತ್ತು ಹಿಂದಕ್ಕೆ ಬಾಗಿದೆ... ಹೂಂ, ಈ ವಾರವೇ ನನ್ನ ಗಮನಕ್ಕೆ ಬಂದದ್ದು. ಹೊಟ್ಟೆ ಮೇಲೆ ಒಂದು ಬಿರುಕೂ ಇದೆ... ಭಾನುವಾರ ಒಂದು ಕಳೀಲಿ, ಸೋಮವಾರ ನಿಮ್ಮ ಹತ್ರಾನೇ ಬಿಟ್ಟು ಬರ್ತೀನಿ. ಕುಯ್ದಾದ್ರೂ ನೋಡಿ, ಒಳಗೇನಾಗಿದೆಯೋ... ಹೊಸದಾ? ನಿಮ್ಮ ಹತ್ರ ಇದೆಯಾ? ಹಾಗಾದ್ರೆ ಒಂದ್ಸಲ ತೋರ್ಸಿ. ಕೈಗೆ ಒಗ್ಗಬೇಕಲ್ಲಾ.”

ಅಳಿಯ ಅಂಗಿ ಮೇಲೆತ್ತಿ ಹೊಟ್ಟೆ ತಡವಿ ನೋಡಿಕೊಂಡ. ಬಿರುಕು ಕಾಣಲಿಲ್ಲ. ಆದರೆ ಕತ್ತು ನಾಲ್ಕು ದಿನದಿಂದ ಹಿಂದಕ್ಕೆ ಬಾಗಿದ್ದು ನಿಜ, ಅದನ್ನು ಅವಳು ಗಮನಿಸಿದ್ದಾಳೆ. ಕುಯ್ಯುವವನೂ ಗೊತ್ತಾಗಿದ್ದಾನೆ. ಹೊಸದೂ ಬರುವುದರಲ್ಲಿದೆ. ಬ್ರಷ್ಷು ಕಚ್ಚಿಕೊಂಡೇ ಬಚ್ಚಲಿನ ಕಟ್ಟೆಯ ಮೇಲೆ ಕುಸಿದು ಕೂತ. ಕಣ್ಣಿನಲ್ಲಿ ನೀರು ತುಂಬಿಕೊಂಡಿತು.

“ರೀ, ಎಷ್ಟೊತ್ತು ಒಳಗೆ? ಹುಷಾರಾಗಿದೀರಾ?” ಎಂದು ಹೆಂಡತಿ ಬಾಗಿಲು ಬಡಿದಳು.

“ಬಿರುಕು ಇಲ್ಲ ಕಣೇ,” ಎಂದ ಅವನು ಒಳಗಿನಿಂದ, ಅಳುಕುತ್ತ.

“ಏನಿಲ್ಲ?”

“ಏನೂ ಇಲ್ಲ.”

ಭಾನುವಾರ ಬಂದೇ ಬಂತು. ಬೆಳಗಿನ ತಿಂಡಿಯನ್ನು ಅಳಿಯ ಮುಟ್ಟಲಿಲ್ಲ. ಗುಮಾಸ್ತರು ಕರಿಯ ಕೋಟು ತೊಟ್ಟು ಹಿತ್ತಿಲ ಕಡೆಯಿಂದ ಬಂದರು. ಕೋಟು ಅವರ ವಕೀಲರದ್ದು, ತೋಳು ಬೆರಳಿನವರೆಗೂ ಇಳಿಬಿದ್ದಿತ್ತು.

“ನೆನಪಿಡಿ,” ಎಂದು ಕಿವಿಯಲ್ಲಿ ಪಿಸುಗುಟ್ಟಿದರು. “ಒಳಗೆ ಹೋದ ಮೇಲೆ ‘ನಾನು’ ಅನ್ನೋ ಮಾತೇ ಬೇಡ. ಆರೋಪದಲ್ಲಿ ಯಾವ ಪದ ಇದೆಯೋ ಉತ್ತರದಲ್ಲೂ ಅದೇ ಪದ ಇರ್ಬೇಕು. ಅವರು ‘ಅದು’ ಅಂದ್ರೆ ನೀವೂ ‘ಅದು’ ಅನ್ನಿ. ಇಲ್ದಿದ್ರೆ ಕಾನೂನಿನಲ್ಲಿ ಬಿದ್ದುಹೋಗತ್ತೆ.”

ನಡುಮನೆಯಲ್ಲಿ ಸಂಗೀತ ಸಭೆಯ ಸಮಿತಿ ಕೂತಿತ್ತು. ನಡುವೆ ಮಾವ. ಅವರ ಬಲಕ್ಕೆ ಪಿಟೀಲು ವಿದ್ವಾಂಸರು, ತೆಳ್ಳಗೆ, ಕಮಾನಿನ ಹಾಗೆ. ಎಡಕ್ಕೆ ಮೃದಂಗದವರು, ಕಣ್ಣು ಮುಚ್ಚಿಕೊಂಡು ಸ್ವಂತ ತೊಡೆಯ ಮೇಲೇ ತಾಳ ಹಾಕುತ್ತ. ಗೋಡೆಯ ಪಕ್ಕ ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಮುಂದೆ ಹಳೆಯ ಶಾಲಿನಲ್ಲಿ ಸುತ್ತಿದ ಒಂದು ಗಂಟು. ಅದನ್ನು ಕಂಡು ಅಳಿಯ ಬಾಗಿಲಲ್ಲೇ ನಿಂತ. ಆಗಲೇ ತನ್ನ ಬಟ್ಟೆಬರೆ ಕಟ್ಟಿ ಇಟ್ಟಿದ್ದಾರೆ!

“ವಿಷಯ ಎಲ್ಲರಿಗೂ ಗೊತ್ತಿದೆ,” ಎಂದರು ಮಾವ. “ಅದು ಇರಬೇಕೋ ಬೇಡವೋ. ನನ್ನ ಅಭಿಪ್ರಾಯ ಬೇಡ ಅಂತ.”

“ಆಕ್ಷೇಪಣೆ!” ಎಂದು ಗುಮಾಸ್ತರು ತೋಳು ಮೇಲೆತ್ತಿದರು. ತೋಳಿನೊಳಗೆ ಕೈ ಎಲ್ಲಿದೆಯೆಂದು ಯಾರಿಗೂ ಕಾಣಿಸಲಿಲ್ಲ. “ಇನ್ನೊಂದು ಕಡೆಯವರನ್ನ ಕೇಳದೆ ಅದನ್ನ ಹೊರಗೆ ಹಾಕೋ ಹಾಗಿಲ್ಲ.”

“ಇವರ್ಯಾರು?” ಎಂದರು ಪಿಟೀಲಿನವರು.

“ಪಕ್ಕದ ಮನೆಯವರು,” ಎಂದರು ಮಾವ, ಬೆರಗಾಗಿ. “ನಿಮಗೂ ಅದಕ್ಕೂ ಏನ್ರೀ ಸಂಬಂಧ?”

“ಅದರ ಪರವಾಗಿ ಬಂದಿದೀವಿ. ಮಾತಾಡಿ ಅಳಿಯಂದಿರೇ!” ಎಂದು ಗುಮಾಸ್ತರು ಅವನನ್ನು ಮುಂದಕ್ಕೆ ನೂಕಿದರು.

ಎಂಟು ವರ್ಷದಲ್ಲಿ ಆ ನಡುಮನೆಯಲ್ಲಿ ಅವನು ಬಾಯಿಬಿಟ್ಟಿದ್ದು “ಇಲ್ಲೇ ಇದೆ ಮಾವಾ” ಎನ್ನಲು ಮಾತ್ರ. ಹೆಂಡತಿ ತಲೆಯೆತ್ತಿ ಕಣ್ಣರಳಿಸಿ ನೋಡಿದಳು. ಆ ಮುಖ ನಾಳೆಯಿಂದ ಕಾಣುವುದಿಲ್ಲ ಎಂದುಕೊಂಡದ್ದೇ ತಡ, ಮಾತು ತಾನಾಗಿ ಹೊರಟುಬಂತು.

“ಅದು ಹೊರಗಿಂದ ಬಂದದ್ದು ನಿಜ,” ಎಂದ. “ಇಲ್ಲ ಅನ್ನಲ್ಲ. ಆದ್ರೆ ಇಲ್ಲಿ ಕೂತವರಲ್ಲಿ ಹೊರಗಿಂದ ಬಂದವರು ಬೇರೆ ಯಾರೂ ಇಲ್ವಾ? ಬಂದು, ಒಗ್ಗಿ, ಈಗ ಮಾವನ ಬಲಗಡೇನೇ ಕೂತಿಲ್ವಾ?”

ಬೀದಿಯಿಂದ ಬಂದು ತನ್ನ ಸಂಸಾರದ ಪಂಚಾಯಿತಿಗೆ ಕೂತವರನ್ನು ಅವನು ಚುಚ್ಚಿದ್ದು ಅಷ್ಟೇ. ಪಿಟೀಲು ವಿದ್ವಾಂಸರು ಮಾತ್ರ ಚೇಳು ಕುಟುಕಿದವರಂತೆ ಎದ್ದು ಕೂತರು. ಪಿಟೀಲು ಕೂಡ ಒಂದು ಕಾಲಕ್ಕೆ ಹಡಗು ಹತ್ತಿ ಬಂದ ವಾದ್ಯವೇ ಎಂಬುದನ್ನು ಅವರ ಎದುರು ಇಷ್ಟು ನೇರವಾಗಿ ಯಾರೂ ಅಂದಿರಲಿಲ್ಲ.

“ಕತ್ತು ಗಿಡ್ಡ. ಹೊಟ್ಟೆ ದಪ್ಪ. ಒಪ್ಪಿದೆ. ಆಕಾರ ಅದರ ಕೈಲಿದೆಯಾ? ಮಾಡಿದವನು ಹಾಗೆ ಮಾಡಿ ಕಳಿಸಿದ. ದನಿ ಸಣ್ಣದು ಅಂತೀರಿ. ಹೆದರ್ಕೊಂಡಿದೆ ಸ್ವಾಮೀ ಅದು! ಎಂಟು ವರ್ಷದಿಂದ ಹಿತ್ತಿಲ ಕೋಣೇಲೇ ಬಿದ್ದಿದೆ. ‘ನಡುಮನೆಗೆ ಬಾ, ನಮ್ಮ ಸಮಕ್ಕೆ ಕೂತ್ಕೋ’ ಅಂತ ಒಂದಿನ ಯಾರಾದ್ರೂ ಅಂದಿದೀರಾ? ಮೂಲೇಲಿ ಕೂರಿಸ್ಬಿಟ್ಟು ಗಾಂಭೀರ್ಯ ಇಲ್ಲ ಅಂದ್ರೆ ಅದು ಎಲ್ಲಿಂದ ತರತ್ತೆ ಗಾಂಭೀರ್ಯಾನ?”

“ಭೇಷ್,” ಎಂದರು ಮೃದಂಗದವರು, ಕಣ್ಣು ತೆರೆಯದೆ.

ಅಳಿಯನಿಗೆ ಧೈರ್ಯ ಬರಲಿಲ್ಲ. ಭೇಷ್ ಎಂದದ್ದು ಮಾವನ ಆರೋಪಕ್ಕೋ ತನ್ನ ಉತ್ತರಕ್ಕೋ ಎಂದು ತಿಳಿಯದೆ ಇನ್ನಷ್ಟು ಹೆದರಿದ. “ರಾತ್ರಿ ಹೊತ್ತು ಅದರಿಂದ ಒಂಥರಾ ಗೊರಕೆ ಬರತ್ತೆ. ಅದನ್ನೂ ಸರಿಮಾಡಿಸೋ ಜವಾಬ್ದಾರಿ ನಂದು.”

“ಗೊರಕೆ ಏನೂ ದೊಡ್ಡ ದೋಷ ಅಲ್ಲ,” ಎಂದರು ಮೃದಂಗದವರು, ಈಗ ಕಣ್ಣು ತೆರೆದು. “ಕುದುರೆ ಮೇಲೆ ಸರಿಯಾಗಿ ಕೂರಿಸಿದ್ರೆ ನಿಲ್ಲತ್ತೆ.”

ತಂತಿಗಳಿಗೆ ಆಸರೆ ಕೊಡುವ ಸಣ್ಣ ಮರದ ತುಂಡನ್ನು ವಾದ್ಯದವರು ಕುದುರೆ ಎನ್ನುತ್ತಾರೆ. ಅದರ ಮೇಲೆ ತಂತಿ ಸರಿಯಾಗಿ ಕೂರದಿದ್ದರೆ ಜುಂಯ್ಯೆನ್ನುತ್ತದೆ. ಅಳಿಯನಿಗೆ ಕಂಡದ್ದು ನಾಲ್ಕು ಕಾಲಿನ ನಿಜವಾದ ಕುದುರೆ. ಅದರ ಮೇಲೆ ತನ್ನನ್ನು ಹಿಂದುಮುಂದಾಗಿ ಕೂರಿಸಿ, ಬೀದಿಯೆಲ್ಲ ಮೆರವಣಿಗೆ ಮಾಡಿ, ಮಹಡಿ ಮನೆಯ ಅಜ್ಜಿ ನೋಡುತ್ತಿರುವಾಗಲೇ ಊರಾಚೆ ಬಿಟ್ಟುಬರುವ ಚಿತ್ರ ಕಣ್ಣಿಗೆ ಕಟ್ಟಿತು.

“ಕುದುರೆ ಬೇಡ!” ಎಂದು ಕೈಮುಗಿದು ಕೂಗಿದ. “ದಮ್ಮಯ್ಯ, ಕುದುರೆ ಒಂದು ಬೇಡ! ಅದಕ್ಕೆ ಬೇರೆ ಎಲ್ಲೂ ಜಾಗ ಇಲ್ಲ ಸ್ವಾಮೀ. ಅಣ್ಣನ ಮನೆಗೆ ಹೋದ್ರೆ ಅತ್ತಿಗೆ ಸೇರಿಸಲ್ಲ. ನನ್ನಲ್ಲಿ... ಅಲ್ಲ, ಅದರಲ್ಲಿ ಆ ಮನೇದು ಈಗ ಏನೂ ಉಳಿದಿಲ್ಲ. ನಡೆ, ನುಡಿ, ಎಲ್ಲಾ ಈ ಮನೇದೇ ಆಗ್ಹೋಗಿದೆ.”

“ಅಣ್ಣ ಅಂದ್ರೆ ಗಿಟಾರು,” ಎಂದು ಪಿಟೀಲಿನವರು ಮೃದಂಗದವರ ಕಡೆ ಬಾಗಿ ವಿವರಿಸಿದರು. ಅವರ ದನಿ ಕಂಪಿಸುತ್ತಿತ್ತು. “ಹುಟ್ಟಿದ ಮನೆಗೂ ಬೇಡ, ಸೇರಿದ ಮನೆಗೂ ಬೇಡ ಅಂತ. ಎಂಥಾ ಮಾತು! ನಮ್ಮ ವಾದ್ಯಕ್ಕೆ ಈ ಥರ ವಾದಿಸೋವ್ರು ಯಾರಾದ್ರೂ ಇದ್ರಾ ಅವತ್ತು?”

“ಕಡೇ ಮಾತು,” ಎಂದ ಅಳಿಯ. ಈಗ ಅವನು ಸಮಿತಿಯನ್ನು ನೋಡುತ್ತಿರಲಿಲ್ಲ. “ಅದು ದೊಡ್ಡದಲ್ಲ ಅಂತ ಅದಕ್ಕೂ ಗೊತ್ತು. ಅವಳ ಕೈಲಿ ಇದ್ರೆ ಅದಕ್ಕೆ ಜೀವ. ಅವಳು ಕೆಳಗಿಟ್ಟುಬಿಟ್ರೆ ಅದು ಬರೀ ಮರದ ತುಂಡು. ಬೇರೆಯವರು ಎತ್ಕೊಂಡ್ರೂ ಅದು ಮಾತಾಡಲ್ಲ. ಆದ್ರಿಂದ ಇಟ್ಕೊಳ್ಳೋದು ಬಿಡೋದು ನೀವಲ್ಲ ಹೇಳ್ಬೇಕಾದ್ದು. ಅವಳು ಹೇಳ್ಲಿ.”

ಮೃದಂಗದವರ ತೊಡೆಯ ತಾಳ ನಿಂತಿತ್ತು. ಮಾವ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

“ನಾನು ಇಷ್ಟು ವರ್ಷ ಅದರ ಹೊಟ್ಟೆ ನೋಡಿದೆ, ಕತ್ತು ನೋಡಿದೆ,” ಎಂದರು. “ಎದುರು ಕೂತು ಒಂದ್ಸಲಾನೂ ಕೇಳಲಿಲ್ಲ. ಬಿಚ್ಚಮ್ಮಾ.”

ಹೆಂಡತಿ ಗಂಟಿಗೆ ಕೈ ಹಾಕಿದಳು.

“ಬೇಡ ಮಾವಾ, ಎಲ್ಲರ ಮುಂದೆ ಬಿಚ್ಚಿಸಬೇಡಿ!” ಎಂದು ಅಳಿಯ ನಡುವೆ ಹಾರಿದ. “ಬನೀನೆಲ್ಲ ಹರಿದಿದೆ!”

ಶಾಲು ಜಾರಿತು. ಒಳಗೆ ಬನೀನಿರಲಿಲ್ಲ. ಗಿಡ್ಡ ಕತ್ತಿನ, ಗುಂಡು ಹೊಟ್ಟೆಯ, ಹೊಟ್ಟೆಯ ಮೇಲೆ ಕೂದಲೆಳೆಯಂಥ ಬಿರುಕಿದ್ದ ಪುಟ್ಟ ವಾದ್ಯವೊಂದು ಅವಳ ಮಡಿಲಲ್ಲಿ ಕೂತಿತ್ತು.

“ಇದೇ ಮ್ಯಾಂಡೊಲಿನ್,” ಎಂದರು ಮಾವ, ಸಮಿತಿಗೆ.

ಅಳಿಯ ಕತ್ತು ನೋಡಿದ. ಹೊಟ್ಟೆ ನೋಡಿದ. ಬಿರುಕು ನೋಡಿದ. ಒಂದು ವಾರದ ಭಯವೆಲ್ಲ ಒಮ್ಮೆಗೇ ಕಾಲಿನಿಂದ ಇಳಿದುಹೋಗಿ, ಅದರ ಜಾಗಕ್ಕೆ ಇನ್ನೂ ದೊಡ್ಡ ಭಯವೊಂದು ಬಂದು ಕೂತಿತು. ಈಗ ಇವರಿಗೆಲ್ಲ ಗೊತ್ತಾದರೆ? ಗುಮಾಸ್ತರು ಅವನ ಮುಖ ನೋಡಿದರು, ಮ್ಯಾಂಡೊಲಿನ್ ನೋಡಿದರು. “ನಂಗೆ ಕೋರ್ಟಿಗೆ ಹೊತ್ತಾಯ್ತು,” ಎಂದು ಭಾನುವಾರವೆಂಬುದನ್ನೂ ಮರೆತು ಹಿತ್ತಿಲ ಬಾಗಿಲಿನಿಂದ ಮಾಯವಾದರು.

ಅವಳು ನುಡಿಸಿದಳು. ಬೆರಳು ತಂತಿಯ ಮೇಲೆ ಜಾರುತ್ತಿದ್ದಂತೆ, ಉಸಿರಿಲ್ಲ ಎಂದು ಮಾವ ಜರೆದಿದ್ದ ನಾದ ಎಳೆದ ಕಡೆಗೆಲ್ಲ ಬಂತು, ಬಾಗಿಸಿದ ಕಡೆಗೆಲ್ಲ ಬಾಗಿತು. ಪಿಟೀಲಿನವರು ತಲೆಯಾಡಿಸಿದರು. ಮೃದಂಗದವರು ತೊಡೆ ಬಿಟ್ಟು ಮೂಲೆಯ ಮೃದಂಗವನ್ನೇ ಎಳೆದುಕೊಂಡರು. ಮಾವನ ಬಲಗೈ ಅವರಿಗೇ ತಿಳಿಯದಂತೆ ತಾಳ ಹಾಕತೊಡಗಿತು. ಇದನ್ನೆಲ್ಲ ಅಳಿಯ ಕಾಣಲಿಲ್ಲ. ನುಡಿಸಾಣಿಕೆ ಆರಂಭವಾದ ಕೂಡಲೇ ಗೋಡೆಗೆ ಬೆನ್ನು ಹಚ್ಚಿಕೊಂಡು ಸರಿಯುತ್ತ ಸರಿಯುತ್ತ ಹಿತ್ತಿಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಿದ್ದ.

ಬಹಳ ಹೊತ್ತಿನ ಮೇಲೆ ಹೆಂಡತಿ ಬಂದಳು. ಕೈಯಲ್ಲಿ ಮ್ಯಾಂಡೊಲಿನ್ ಹಾಗೇ ಇತ್ತು.

“ಸಭೆಯಲ್ಲಿ ನುಡಿಸೋಕೆ ಒಪ್ಪಿದ್ರು,” ಎಂದಳು. “ಅಪ್ಪಾನೇ ಮೊದಲು ಕೈ ಎತ್ತಿದ್ರು.”

“ಒಳ್ಳೇದಾಯ್ತು.”

“ನಾನು ನುಡಿಸೋಕ್ಕೆ ಮುಂಚೆ ನೀವು ಮಾತಾಡ್ಬೇಕಂತೆ. ‘ಶಾಸ್ತ್ರೀಯ ಸಂಗೀತದಲ್ಲಿ ಮ್ಯಾಂಡೊಲಿನ್ ಸ್ಥಾನ’ ಅಂತ. ಪಿಟೀಲು ಮೇಷ್ಟ್ರು ಹಟ ಹಿಡಿದಿದಾರೆ.”

“ಅಯ್ಯಯ್ಯೋ!” ಎಂದು ಅಳಿಯ ಕಲ್ಲಿನಿಂದ ಜಾರಿದ.

ಅವಳು ಅವನನ್ನೇ ನೋಡುತ್ತ ನಿಂತಳು. “ರೀ, ಒಂದು ಮಾತು ಕೇಳ್ತೀನಿ. ಮ್ಯಾಂಡೊಲಿನ್‌ಗೆ ಅಣ್ಣ ಅತ್ತಿಗೆ ಎಲ್ಲಿಂದ ಬಂದ್ರು?”

“ಅದು... ಗಿಟಾರು...”

“ಬನೀನು?”

ಅವನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಅವಳು ನಗುತ್ತಾಳೆಂದು ಹೆದರಿ ಕಾದ. ಅವಳು ನಗಲಿಲ್ಲ. ಕೆಳ ತುಟಿ ಕಚ್ಚಿ ಹಿಡಿದು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

“ಒಂದು ವಾರದಿಂದ ಇದನ್ನ ಹೊಟ್ಟೇಲಿಟ್ಕೊಂಡಿದ್ರಾ? ನನ್ನನ್ನ ಕೇಳ್ಬಾರ್ದಾಗಿತ್ತಾ?”

“ಹೋಗಿ ಅಂದ್ಬಿಟ್ರೆ ಅಂತ ಹೆದ್ರಿಕೆ ಆಯ್ತು.”

“ಕೇಳಿದ್ರೆ ಒದೀತಿದ್ದೆ, ಹೋಗಿ ಅಂತಿರಲಿಲ್ಲ,” ಎಂದಳು. ಕಣ್ಣು ಒರೆಸಿಕೊಂಡಳು. “ಅಪ್ಪನಿಗೆ ಹೇಳಲ್ಲ, ಬಿಡಿ.”

ಅಷ್ಟರಲ್ಲಿ ಒಳಗಿನಿಂದ ಮಾವನ ದನಿ ಬಂತು.

“ಎಲ್ಲಮ್ಮಾ ಇದೀಯಾ? ಎಲ್ಲರೂ ಊಟಕ್ಕೆ ಕೂತಾಯ್ತು. ಅದನ್ನ ಮೊದಲು ಒಳಗೆ ಕರ್ಕೊಂಡು ಬಾ.”

ಹೆಂಡತಿ ಮ್ಯಾಂಡೊಲಿನ್ ನೋಡಿದಳು. ಅಳಿಯನೂ ಮ್ಯಾಂಡೊಲಿನ್ ನೋಡಿದ. ಯಾವ ‘ಅದು’ ಎಂದು ತಿಳಿಯದೆ ಇಬ್ಬರೂ ಮುಖ ಮುಖ ನೋಡಿಕೊಂಡರು.

“ನನ್ನ ಪಕ್ಕಕ್ಕೇ ಎಲೆ ಹಾಕಿಸಿದೀನಿ,” ಎಂದು ದನಿ ಮುಂದುವರಿಯಿತು. “ಈ ವಾರವೆಲ್ಲಾ ನೆಟ್ಟಗೆ ಊಟಾನೇ ಮಾಡಿಲ್ಲ ಅದು. ನಾನು ದಿನಾ ನೋಡ್ತಾನೇ ಇದೀನಿ.”